ಅಚ್ಚಿನ ಶುಭಾಶಯ

ಗ್ರೀಟಿಂಗ್ ಕಾರ್ಡುಗಳಿಗೂ ಒಂದು ಕಾಲವಿತ್ತು. ಡಿಸೆಂಬರ್ ತಿಂಗಳ ನಡುವಿನಿಂದ ಸಂಕ್ರಾಂತಿಯವರೆಗೆ ಪುಸ್ತಕದಂಗಡಿಗಳ ಮುಂದೆ ದಾರ ಕಟ್ಟಿ, ಬಟ್ಟೆ ಒಣಗಿಸುವ ಹಾಗೆ ಕಾರ್ಡುಗಳನ್ನು ಸಾಲಾಗಿ ತೂಗುಹಾಕುತ್ತಿದ್ದರು. ಗುಲಾಬಿ ಹೂ, ಸೂರ್ಯಾಸ್ತ, ಹಿಮದ ಬೆಟ್ಟ, ಸಿನಿಮಾ ನಟರು, ತೆರೆದರೆ ಕೀಂಯ್ ಎಂದು ಹಾಡುವ ದುಬಾರಿ ಕಾರ್ಡುಗಳು… ಶಾಲೆ ಬಿಟ್ಟ ಮೇಲೆ ನಮ್ಮ ಮಕ್ಕಳು ಅಲ್ಲಿ ಗುಂಪುಗೂಡಿ ನಿಂತು, ಒಂದೊಂದನ್ನೂ ಮುಟ್ಟಿ ನೋಡಿ, ಬೆಲೆ ಕೇಳಿ ಮುಂದೆ ಹೋಗುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹೋಬಳಿ ಕೇಂದ್ರದ ಪ್ರೌಢಶಾಲೆ ನಮ್ಮದು. ಅಂಗಡಿಯ ಕಾರ್ಡನ್ನು ಕೊಳ್ಳಬಲ್ಲವರು ತರಗತಿಗೆ ನಾಲ್ಕೈದು ಮಂದಿ. ಹೊಸ ವರ್ಷದ ದಿನ ಆ ನಾಲ್ಕೈದು ಮಂದಿಗೆ ಕೈತುಂಬ ಕಾರ್ಡು, ಉಳಿದವರಿಗೆ ಬರಿಗೈ.

ಈ ಕಾರಣದಿಂದಲೇ ಕಾರ್ಯಾನುಭವದ ಅವಧಿಯಲ್ಲಿ ಅಚ್ಚೊತ್ತುವ ಪಾಠ ಆರಂಭವಾಯಿತು. ವೇಳಾಪಟ್ಟಿಯಲ್ಲಿ ಅದಕ್ಕೆ 'ಎಸ್.ಯು.ಪಿ.ಡಬ್ಲ್ಯು.' ಎಂಬ ದೊಡ್ಡ ಹೆಸರಿತ್ತು. ಮಕ್ಕಳ ಬಾಯಲ್ಲಿ ಅದು 'ಬೆಂಡೆಕಾಯಿ ಪೀರಿಯಡ್' ಆಯಿತು. ಈ ಬರಹವನ್ನು ಓದುತ್ತಿರುವ ನಿಮ್ಮಲ್ಲಿ ಹಲವರ ಬಿಳಿ ಸಮವಸ್ತ್ರದ ಮೇಲೆ ಆ ಪೀರಿಯಡ್ಡಿನ ಕಲೆ ಬಿದ್ದಿದೆ. ನಿಮ್ಮ ತಾಯಂದಿರು ನನ್ನನ್ನು ಶಪಿಸಿದ್ದೂ ಉಂಟು! ಈಗ ನೀವೇ ತಾಯಂದಿರು, ತಂದೆಯರು. 'ಮೇಡಂ, ಮಕ್ಕಳಿಗೆ ಹೇಳಿಕೊಡಬೇಕು, ಕ್ರಮ ಮರೆತುಹೋಗಿದೆ, ಬರೆದು ಕಳಿಸಿ' ಎಂದು ಕೇಳುವವರು ಹೆಚ್ಚಾಗಿದ್ದಾರೆ. ಆದ್ದರಿಂದ ಒಮ್ಮೆ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಚರಿತ್ರೆ. ವ್ಯಾಪಾರಕ್ಕೆಂದು ಮುದ್ರಿಸಿದ ಮೊದಲ ಕ್ರಿಸ್‌ಮಸ್ ಕಾರ್ಡು 1843ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಹೆನ್ರಿ ಕೋಲ್ ಎಂಬ ಅಧಿಕಾರಿ ಅದನ್ನು ಮಾಡಿಸಿದವರು. ಚಿತ್ರ ಬರೆದವರು ಜಾನ್ ಕಾಲ್ಕಾಟ್ ಹಾರ್ಸ್ಲಿ. ಬಂದ ಪತ್ರಗಳಿಗೆಲ್ಲ ಉತ್ತರ ಬರೆಯಲು ಕೋಲ್ ಅವರಿಗೆ ಪುರುಸೊತ್ತಿರಲಿಲ್ಲ, ಅದಕ್ಕೊಂದು ಉಪಾಯ ಬೇಕಿತ್ತು. ಕಲ್ಲಚ್ಚಿನಲ್ಲಿ ಗೆರೆಗಳನ್ನು ಮುದ್ರಿಸಿ, ಬಣ್ಣವನ್ನು ಕೈಯಿಂದ ತುಂಬಿಸಿ, ಒಂದಕ್ಕೆ ಒಂದು ಶಿಲಿಂಗಿನಂತೆ ಮಾರಿದರು. ಆ ಕಾಲದ ಕೂಲಿಕಾರನಿಗೆ ಅದು ಎಟುಕುವ ಬೆಲೆಯಲ್ಲ. ಮೊದಲ ಕಾರ್ಡು ಕೂಡ ಅರ್ಧ ಅಚ್ಚು, ಅರ್ಧ ಕೈಕೆಲಸವಾಗಿತ್ತೆಂಬುದು ನನಗೆ ಇಷ್ಟವಾದ ಸಂಗತಿ. ನಾವು ಮಾಡುತ್ತಿದ್ದುದೂ ಅದನ್ನೇ.

ಕಾಗದದಿಂದ ತೊಡಗೋಣ. ನೋಟ್‌ಪುಸ್ತಕದ ತೆಳು ಹಾಳೆಯ ಮೇಲೆ ಒಂದು ತೊಟ್ಟು ಶಾಯಿ ಬಿಟ್ಟು ನೋಡಿ. ಅಂಚುಗಳಲ್ಲಿ ಬೇರು ಬಿಟ್ಟ ಹಾಗೆ ಹರಡುತ್ತದೆ. ಕಾಗದವೆಂದರೆ ನಾರುಗಳ ಹೆಣಿಗೆ. ನಾರುಗಳ ನಡುವಣ ಸೂಕ್ಷ್ಮ ಸಂದುಗಳು ದೀಪದ ಬತ್ತಿ ಎಣ್ಣೆಯನ್ನು ಏರಿಸುವಂತೆ ಶಾಯಿಯನ್ನು ಎಳೆದುಕೊಳ್ಳುತ್ತವೆ. ಒಳ್ಳೆಯ ಡ್ರಾಯಿಂಗ್ ಹಾಳೆಗೆ ತಯಾರಿಕೆಯಲ್ಲಿಯೇ ಅಂಟಿನಂಥ ಪದಾರ್ಥವನ್ನು ಸೇರಿಸಿರುತ್ತಾರೆ. ಅಲ್ಲಿ ತೊಟ್ಟು ಇದ್ದಲ್ಲೇ ನಿಂತು ನಿಧಾನವಾಗಿ ಒಣಗುತ್ತದೆ. ಕೊಳ್ಳಲಾಗದಿದ್ದರೆ ಹಳೆಯ ಲಗ್ನಪತ್ರಿಕೆಗಳಿವೆ. ಮದುವೆಯ ತಿಂಗಳು ಮುಗಿದ ಮೇಲೆ ಮಕ್ಕಳು ಊರಿನ ಲಗ್ನಪತ್ರಿಕೆಗಳನ್ನೆಲ್ಲ ಒಟ್ಟುಮಾಡಿ ತರುತ್ತಿದ್ದರು. ಮುದ್ರಿಸದೆ ಬಿಟ್ಟ ಬೆನ್ನು ಗಟ್ಟಿಯಾಗಿರುತ್ತದೆ. ಆದರೆ ಮಿರುಗುವ ನುಣುಪು ಕಾಗದ ನೀರಿನ ಬಣ್ಣವನ್ನು ಹಿಡಿಯದು. ಒಂದು ಮೂಲೆಯಲ್ಲಿ ತೊಟ್ಟು ಬಿಟ್ಟು ಪರೀಕ್ಷಿಸಿಯೇ ಮುಂದುವರಿಯಬೇಕು.

ಇನ್ನು ಶಾಯಿ. ಪೆನ್ನಿನ ಶಾಯಿ ಬಹಳ ತೆಳು. ಒಂದು ಚಮಚ ಶಾಯಿಗೆ ಮೂರು ನಾಲ್ಕು ಹನಿ ಗೋಂದು ಬೆರೆಸಿದರೆ ಅಚ್ಚಿಗೆ ಅಂಟಿಕೊಳ್ಳುವಷ್ಟು ಮೈ ಬರುತ್ತದೆ. ಕಚೇರಿಯ ಸ್ಟಾಂಪ್ ಪ್ಯಾಡಿನ ಶಾಯಿಯಲ್ಲಿ ಬೇಗ ಒಣಗದಿರಲೆಂದು ಗ್ಲಿಸರಿನ್ನಿನಂಥ ದ್ರವವಿರುತ್ತದೆ. ಪ್ಯಾಡಿಗೆ ಅದು ಅನುಕೂಲ. ನುಣುಪು ಕಾಗದದ ಮೇಲೆ ಮಾತ್ರ ಗಂಟೆಗಟ್ಟಲೆ ಹಸಿಯಾಗಿಯೇ ಉಳಿದು ಬೆರಳಿಗೆ ಅಂಟುತ್ತದೆ. ಮಕ್ಕಳಿಗೆ ಎಲ್ಲಕ್ಕಿಂತ ಸುಲಭವಾದದ್ದು ಪೋಸ್ಟರ್ ಬಣ್ಣ. ಹದ ಹೇಗಿರಬೇಕೆಂದರೆ ದೋಸೆ ಹಿಟ್ಟಿಗಿಂತ ಗಟ್ಟಿ, ಇಡ್ಲಿ ಹಿಟ್ಟಿನಷ್ಟು. ಅಚ್ಚನ್ನು ಬಣ್ಣದ ಬಟ್ಟಲಿಗೆ ಅದ್ದಬಾರದು. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜನ್ನೋ ನಾಲ್ಕು ಮಡಿಕೆಯ ಹಳೆಯ ಪಂಚೆಯ ತುಂಡನ್ನೋ ತಟ್ಟೆಯಲ್ಲಿಟ್ಟು, ಅದರ ಮೇಲೆ ಬಣ್ಣ ಸವರಿ, ಅಚ್ಚನ್ನು ಅಲ್ಲಿ ತಟ್ಟಿ ತೆಗೆಯಬೇಕು. ಅದ್ದಿದರೆ ಚಿತ್ರದ ಸಂದುಗಳಲ್ಲೆಲ್ಲ ಬಣ್ಣ ತುಂಬಿ, ಕಾಗದದ ಮೇಲೆ ಹೂವಿಗೆ ಬದಲು ಒಂದು ಮುದ್ದೆ ಮೂಡುತ್ತದೆ.

ಬೆಂಡೆಕಾಯಿಯೇ ಮೊದಲ ಅಚ್ಚು. ಅಡ್ಡಲಾಗಿ ಕತ್ತರಿಸಿದರೆ ಸಾಮಾನ್ಯವಾಗಿ ಐದು ಮನೆಗಳು, ಐದು ದಳದ ಹೂವು. ಕೆಲವು ತಳಿಗಳಲ್ಲಿ ಆರು, ಏಳು ಇರುವುದೂ ಉಂಟು. ಎಣಿಸುವುದೇ ಮಕ್ಕಳಿಗೊಂದು ಸಸ್ಯಶಾಸ್ತ್ರದ ಪಾಠ. ಅಡುಗೆಗೆ ಎಳೆಯದು ಬೇಕು, ಅಚ್ಚಿಗೆ ಬಲಿತದ್ದು. ಎಳೆಯದು ಒತ್ತಿದರೆ ಜಜ್ಜಿಹೋಗುತ್ತದೆ. ಕತ್ತರಿಸಿದೊಡನೆ ಲೋಳೆ ಬರುವುದರಿಂದ ಹತ್ತು ನಿಮಿಷ ಗಾಳಿಗಿಟ್ಟು, ಕಾಗದದಿಂದ ಒತ್ತಿ ಒರೆಸಿ, ಆಮೇಲೆ ಬಣ್ಣಕ್ಕೆ ಮುಟ್ಟಿಸಬೇಕು. ಓರೆಯಾಗಿ ಕತ್ತರಿಸಿದರೆ ಹೂವು ಉದ್ದವಾಗಿ ಗಾಳಿಗೆ ಬಾಗಿದಂತೆ ಕಾಣುತ್ತದೆ. ದೊಣ್ಣೆಮೆಣಸಿನಕಾಯಿ ಮೂರೋ ನಾಲ್ಕೋ ಎಸಳಿನ ದೊಡ್ಡ ಹೂವನ್ನು ಕೊಟ್ಟರೆ, ಈರುಳ್ಳಿ ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳನ್ನು ಕೊಡುತ್ತದೆ. ಬಾಳೆದಿಂಡಿನ ಸುತ್ತಣ ಪಟ್ಟೆಯನ್ನು ಅಡ್ಡ ಕತ್ತರಿಸಿದರೆ ಅದರ ಗಾಳಿಗೂಡುಗಳು ಬಲೆಯಂತೆ ಮೂಡುತ್ತವೆ. ಅದರಿಂದ ಕಾರ್ಡಿನ ಅಂಚನ್ನು ತುಂಬಿದರೆ ಸೀರೆಯ ಸೆರಗಿನ ಹಾಗೆ ಕಾಣುತ್ತದೆ. ಆಲೂಗಡ್ಡೆಯಲ್ಲಿ ಮಾತ್ರ ನಾವೇ ಕೊರೆಯಬೇಕು. ಚಾಕುವನ್ನು ಗರಗಸದಂತೆ ಆಡಿಸದೆ ಒಂದೇ ಏಟಿಗೆ ಎರಡು ಹೋಳು ಮಾಡಿದರೆ ಮೈ ಸಮತಟ್ಟಾಗಿರುತ್ತದೆ. ಕೊರೆದ ಮೇಲೆ ಹೊರಬರುವ ಪಿಷ್ಟದ ನೀರನ್ನು ಒರೆಸದಿದ್ದರೆ ಬಣ್ಣ ಜಾರುತ್ತದೆ.

ಎಲೆಯ ಅಚ್ಚಿಗೆ ಇನ್ನೂ ಕಡಿಮೆ ಶ್ರಮ. ಅರಳಿ, ಸೀಬೆ, ದಾಸವಾಳ, ಹಾಗಲ… ನರಗಳು ಎದ್ದು ಕಾಣುವ ಯಾವ ಎಲೆಯೂ ಆದೀತು. ಹಿಂದಿನ ರಾತ್ರಿ ಪುಸ್ತಕದ ನಡುವೆ ಇಟ್ಟಿದ್ದರೆ ಮಟ್ಟಸವಾಗುತ್ತದೆ. ನರಗಳು ಉಬ್ಬಿರುವುದು ಎಲೆಯ ಬೆನ್ನಿನಲ್ಲಿ. ಆದ್ದರಿಂದ ಬಣ್ಣ ಬಳಿಯಬೇಕಾದದ್ದೂ ಬೆನ್ನಿಗೇ. ಕಾರ್ಡಿನ ಮೇಲೆ ಕವುಚಿಟ್ಟು, ಮೇಲೊಂದು ವೃತ್ತಪತ್ರಿಕೆಯ ತುಂಡನ್ನು ಹೊದಿಸಿ, ನಡುವಿನಿಂದ ಅಂಚಿನ ಕಡೆಗೆ ಬೆರಳಿನಿಂದ ಒತ್ತುತ್ತ ಬಂದು, ತೊಟ್ಟನ್ನು ಹಿಡಿದು ಒಮ್ಮೆಗೇ ಎತ್ತಬೇಕು.

ಅಕ್ಷರಗಳ ಅಚ್ಚು ಬಂದಾಗ ಮಕ್ಕಳು ತಬ್ಬಿಬ್ಬಾಗುತ್ತಿದ್ದರು. ಪೆನ್ಸಿಲ್ ಅಳಿಸುವ ರಬ್ಬರಿನ ಮೇಲೆ 'ಶುಭ' ಎಂದು ನೇರವಾಗಿ ಕೆತ್ತಿದರೆ ಕಾಗದದಲ್ಲಿ ಕನ್ನಡಿಯೊಳಗಿನ ಶುಭವೇ ಬೀಳುತ್ತದೆ. ಅದಕ್ಕೊಂದು ಸುಲಭೋಪಾಯವಿದೆ. ತೆಳು ಕಾಗದದ ಮೇಲೆ ಮೆದು ಪೆನ್ಸಿಲಿನಿಂದ ಅಕ್ಷರವನ್ನು ದಪ್ಪವಾಗಿ ಬರೆದು, ಬರೆದ ಮುಖವನ್ನು ರಬ್ಬರಿಗೆ ತಾಗಿಸಿ, ಬೆನ್ನಿನಿಂದ ಉಗುರಿನಲ್ಲಿ ತಿಕ್ಕಿದರೆ ಅಕ್ಷರ ತಾನೇ ತಿರುವುಮುರುವಾಗಿ ರಬ್ಬರಿಗೆ ಇಳಿಯುತ್ತದೆ. ಗೆರೆಯನ್ನು ಉಳಿಸಿಕೊಂಡು ಸುತ್ತಣ ರಬ್ಬರನ್ನು ಬ್ಲೇಡಿನಿಂದ ತೆಗೆದರಾಯಿತು. ಬ್ಲೇಡಿನ ಕೆಲಸ ಮಾತ್ರ ದೊಡ್ಡವರದೇ ಆಗಿರಲಿ.

ಈ ತಿರುವುಮುರುವಿಗೆ ನಾನು ಕೊಡುತ್ತಿದ್ದ ಉದಾಹರಣೆ ಚುನಾವಣೆಯದು. ಮೇಷ್ಟರುಗಳಿಗೆ ಚುನಾವಣಾ ಕರ್ತವ್ಯ ತಪ್ಪಿದ್ದಲ್ಲವಷ್ಟೆ! ಮತಪತ್ರದ ಮೇಲೆ ಒತ್ತುವ ಮುದ್ರೆಯಲ್ಲಿ ಬಾಣಗಳ ತುದಿಗಳು ಒಂದೇ ದಿಕ್ಕಿಗೆ ಸುತ್ತುತ್ತವೆ. ಮತದಾರರು ಶಾಯಿ ಆರುವ ಮೊದಲೇ ಪತ್ರವನ್ನು ಮಡಚಿದರೆ ಮುದ್ರೆಯ ನೆರಳು ಇನ್ನೊಬ್ಬ ಅಭ್ಯರ್ಥಿಯ ಚಿಹ್ನೆಯ ಮೇಲೂ ಬೀಳಬಹುದು. ಎಣಿಕೆಯ ಮೇಜಿನಲ್ಲಿ ಯಾವುದು ನಿಜ, ಯಾವುದು ನೆರಳು? ಬಾಣಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿದ್ದರೆ ಅದು ಒತ್ತಿದ ಮುದ್ರೆ. ಎದುರು ದಿಕ್ಕಿಗೆ ಸುತ್ತಿದ್ದರೆ ಮಡಚಿದಾಗ ಅಂಟಿದ ನೆರಳು. ಅಚ್ಚಿನ ಒಂದು ಸಣ್ಣ ಗುಣದಿಂದ ಒಂದು ಮತ ಉಳಿಯುತ್ತದೆ ಎಂದಾಗ ಹಿಂದಿನ ಬೆಂಚಿನವರೂ ತಲೆಯೆತ್ತಿ ಕೇಳುತ್ತಿದ್ದರು. ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ನಮ್ಮ ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ಬಣ್ಣದ ಕಾರ್ಖಾನೆಯೇ 1962ರ ಮಹಾಚುನಾವಣೆಯಿಂದ ಅದನ್ನು ಒದಗಿಸುತ್ತ ಬಂದಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದೊಡನೆ ಸೇರಿ ಬೆಳಕಿನಲ್ಲಿ ಕಪ್ಪಾಗುತ್ತದೆ.

ವಿಜ್ಞಾನದ ಶಿಕ್ಷಕಿಯಾದ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಶಾಯಿಯೇ ಇಲ್ಲದ ಕಾರ್ಡು. ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿಯ ಹಾಳೆಗೆ ತೆಳ್ಳಗೆ ಬಳಿದು ನೆರಳಿನಲ್ಲಿ ಒಣಗಿಸಿ. ವೀಳ್ಯದೆಲೆಗೆ ಹಚ್ಚುವ ಸುಣ್ಣ ಒಂದು ಚಿಟಿಕೆ ಸಾಕು. ಅದನ್ನು ನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಮೇಲಿನ ನೀರನ್ನು ಮಾತ್ರ ಬಟ್ಟೆಯ ಪ್ಯಾಡಿಗೆ ಹಾಕಿ. ಬೆಂಡೆಕಾಯಿಯನ್ನು ಆ ಬಣ್ಣವಿಲ್ಲದ ನೀರಿಗೆ ತಟ್ಟಿ ಹಳದಿ ಹಾಳೆಯ ಮೇಲೆ ಒತ್ತಿದರೆ ಕಣ್ಣೆದುರೇ ಕೆಂಪು ಹೂವು ಅರಳುತ್ತದೆ. ಆರತಿಯ ತಟ್ಟೆಯಲ್ಲಿ ನಿಮ್ಮ ಅಜ್ಜಿ ಕಲಸುತ್ತಿದ್ದ ಕೆಂಪು ನೀರಿನ ಗುಟ್ಟೇ ಇದು. ಅರಿಶಿನ ಪ್ರತ್ಯಾಮ್ಲವನ್ನು ಕಂಡರೆ ಕೆಂಪಾಗುತ್ತದೆ. ಈ ಹೂವು ಬಹುಕಾಲ ಬಾಳದು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಸುಣ್ಣದ ಗುಣವನ್ನು ಕಳೆದಂತೆಲ್ಲ ಕೆಂಪು ಮಾಸುತ್ತದೆ. ಅಂಚೆಗೆ ಹಾಕದೆ ಕೈಯಲ್ಲೇ ಕೊಡಬೇಕಾದ ಕಾರ್ಡು ಇದು.

ಇಷ್ಟೆಲ್ಲವನ್ನೂ ನಾನು ಕಲಿಸಿದ್ದು ಮಕ್ಕಳಿಗೆ. ಅದು ನಮ್ಮ ಮನೆಯೊಳಗೇ ಒಮ್ಮೆ ಬೇಕಾದೀತೆಂದು ಎಣಿಸಿರಲಿಲ್ಲ.

ನಮ್ಮ ಯಜಮಾನರು ಅಂಚೆ ಇಲಾಖೆಯಲ್ಲಿದ್ದವರೆಂಬುದು ನಿಮಗೆ ಗೊತ್ತು. ಹೊಸ ವರ್ಷದ ವಾರದಲ್ಲಿ ನಮ್ಮ ಶಾಲೆಯ ಬೆಂಡೆಕಾಯಿ ಕಾರ್ಡುಗಳ ಮೇಲೆ ದಿನಾಂಕದ ಮೊಹರು ಬೀಳುತ್ತಿದ್ದುದು ಅವರ ಕೈಯಿಂದಲೇ. ಪ್ಯಾಡಿಗೊಂದು, ಕಾಗದಕ್ಕೊಂದು… ಟಪ್ ಟಪ್ ಎಂಬ ಆ ತಾಳ ಅಂಚೆ ಕಚೇರಿಯ ಹೊರಗಿನ ಕಟ್ಟೆಗೂ ಕೇಳುತ್ತಿತ್ತು. ಪ್ರತಿ ಯುಗಾದಿಗೂ ನಲವತ್ತು ಬಂಧುಗಳಿಗೆ ಅವರೇ ವಿಳಾಸ ಬರೆದು ಶುಭಾಶಯ ಕಳುಹಿಸುತ್ತಿದ್ದರು. ಅವರ ಅಕ್ಷರ ಮುತ್ತು ಪೋಣಿಸಿದಂತಿತ್ತು.

2021ರ ಜುಲೈಯಲ್ಲಿ ಅವರಿಗೆ ಪಾರ್ಶ್ವವಾಯುವಾಯಿತು. ಪ್ರಾಣ ಉಳಿಯಿತು, ಮಾತು ತೊದಲಿನೊಂದಿಗೆ ಮರಳಿತು. ಬಲಗೈ ಮಾತ್ರ ತೊಡೆಯ ಮೇಲೆ ಬೇರೆ ಯಾರದೋ ವಸ್ತುವಿನಂತೆ ಬಿದ್ದಿರುತ್ತಿತ್ತು. ಫಿಸಿಯೋಥೆರಪಿಯವರು ಮೆದುವಾದ ಚೆಂಡೊಂದನ್ನು ಕೊಟ್ಟು ದಿನಕ್ಕೆ ನೂರು ಸಲ ಅದುಮಬೇಕೆಂದರು. ಇವರು ಎರಡು ದಿನ ಅದುಮಿ, ಮೂರನೆಯ ದಿನ 'ಮಕ್ಕಳಾಟ' ಎಂದು ದೂರ ಎಸೆದರು. ಅವರಿಗೆ ಹೆಚ್ಚು ನೋವಾದದ್ದು ಪಿಂಚಣಿಯ ಕಾಗದಕ್ಕೆ ಸಹಿಯ ಬದಲು ಹೆಬ್ಬೆಟ್ಟು ಒತ್ತಬೇಕಾಗಿ ಬಂದಾಗ. ಮನಿಯಾರ್ಡರ್ ಪಡೆಯಲು ಬರುತ್ತಿದ್ದ ಅನಕ್ಷರಸ್ಥ ಮುದುಕಿಯರ ಹೆಬ್ಬೆಟ್ಟನ್ನು ಹಿಡಿದು ಒತ್ತಿಸುತ್ತಿದ್ದ ಮನುಷ್ಯರು ಅವರು. ಆ ದಿನ ಮನೆಗೆ ಬಂದು ಹೆಬ್ಬೆರಳನ್ನು ಬಹಳ ಹೊತ್ತು ಸೋಪಿನಲ್ಲಿ ತೊಳೆದರು. ಆಮೇಲೆ ವಾರಗಟ್ಟಲೆ ಮಾತಿಲ್ಲ.

2022ರ ಯುಗಾದಿ ಹತ್ತಿರವಾಯಿತು. 'ಈ ವರ್ಷ ಯಾರಿಗೂ ಕಾಗದ ಬೇಡ' ಎಂದರು. ನಾನು ಎದುರಾಡದೆ ಪಡಸಾಲೆಯ ಮೇಜಿನ ಮೇಲೆ ನನ್ನ ಪಾಡಿಗೆ ನಾನು ಮಾವಿನೆಲೆಯ ಆಕಾರದ ರಬ್ಬರಿನಿಂದ ಕಾರ್ಡುಗಳ ಮೇಲೆ ತೋರಣ ಒತ್ತುತ್ತಿದ್ದೆ. ಆ ಸದ್ದು ಅವರನ್ನು ಎಬ್ಬಿಸಿರಬೇಕು. ಕೋಲೂರಿಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕುಳಿತರು. ಸ್ವಲ್ಪ ಹೊತ್ತು ನೋಡಿ, 'ತಾರೀಕು ಎಲ್ಲೇ?' ಎಂದರು.

'ಶುಭಾಶಯಕ್ಕೆ ತಾರೀಕು ಯಾಕ್ರೀ?'

'ತಾರೀಕಿಲ್ಲದ ಮೊಹರು ಮೊಹರೇ ಅಲ್ಲ.'

ಬಹಳ ದಿನಗಳ ನಂತರ ಅವರಾಡಿದ ಪೂರ್ತಿ ವಾಕ್ಯ ಅದು. ಅಂದೇ ಸಂಜೆ ದೊಡ್ಡ ರಬ್ಬರೊಂದರ ಮೇಲೆ ವೃತ್ತ ಬರೆದು, ಮೇಲೆ 'ಯುಗಾದಿ', ನಡುವೆ '2-4-22' ಎಂದು ತಿರುವುಮುರುವಾಗಿ ಇಳಿಸಿ ಕೊರೆದೆ. ಅವರ ಬೆರಳುಗಳು ತೆಳುವಾದ ವಸ್ತುವನ್ನು ಹಿಡಿಯಲಾರವು. ಆದ್ದರಿಂದ ಮುರಿದ ಲಟ್ಟಣಿಗೆಯ ತುಂಡಿಗೆ ರಬ್ಬರನ್ನು ಅಂಟಿಸಿ, ಹಿಡಿಗೆ ಹಳೆಯ ಬಟ್ಟೆ ಸುತ್ತಿ ದಪ್ಪ ಮಾಡಿದೆ. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಕೂರಿಸಿ, ಮೇಲೆ ತಮ್ಮ ಎಡಗೈಯನ್ನು ಅವರೇ ಇಟ್ಟುಕೊಂಡರು. ಪ್ಯಾಡಿಗೊಂದು, ಕಾಗದಕ್ಕೊಂದು. ಮೊದಲ ದಿನ ಆದದ್ದು ನಾಲ್ಕೇ ಕಾರ್ಡು. ನಾಲ್ಕರಲ್ಲಿಯೂ ವೃತ್ತದ ಎಡ ಅರ್ಧ ಕಪ್ಪು, ಬಲ ಅರ್ಧ ಖಾಲಿ. ಚೆಂಡನ್ನು ಎಸೆದವರು ಇದನ್ನು ಎಸೆಯಲಿಲ್ಲ. ಮರುದಿನ ಬೆಳಿಗ್ಗೆ ಕಾಫಿಗೆ ಮೊದಲೇ ಮೇಜಿನ ಬಳಿ ಇದ್ದರು.

ಅಚ್ಚೊತ್ತುವುದನ್ನು ಮೂವತ್ತು ವರ್ಷ ಕಲಿಸಿದ ನನಗೆ ಆ ಹದಿನೈದು ದಿನಗಳಲ್ಲಿ ಅವರು ಕೆಲವು ಪಾಠ ಹೇಳಿದರು. ಅವನ್ನೂ ಇಲ್ಲಿ ಸೇರಿಸುತ್ತೇನೆ. ಕಾಗದದ ಕೆಳಗೆ ಮೆತ್ತೆ ಇರಬೇಕು. ಅಂಚೆ ಕಚೇರಿಯಲ್ಲಿ ರಬ್ಬರಿನ ಹಾಸಿರುತ್ತದೆ, ಮನೆಯಲ್ಲಿ ಐದಾರು ಹಾಳೆ ವೃತ್ತಪತ್ರಿಕೆ ಸಾಕು. ಗಟ್ಟಿ ಮೇಜಿನ ಮೇಲೆ ಅಚ್ಚಿನ ಉಬ್ಬಿದ ಭಾಗ ಮಾತ್ರ ತಾಗುತ್ತದೆ, ಮೆತ್ತೆಯ ಮೇಲೆ ಕಾಗದವೇ ಬಾಗಿ ಅಚ್ಚನ್ನು ಪೂರ್ತಿಯಾಗಿ ಮುಟ್ಟುತ್ತದೆ. ಬಲ ಬೆರಳಿನದಲ್ಲ, ಭುಜದ್ದು. ಎದ್ದು ನಿಂತೋ ಎತ್ತರದ ಕುರ್ಚಿಯಲ್ಲಿ ಕುಳಿತೋ ಒತ್ತಿದರೆ ಮೈಯ ಭಾರವೇ ಕೆಲಸ ಮಾಡುತ್ತದೆ. ಇಳಿಸುವಾಗ ನೇರ, ಎತ್ತುವಾಗಲೂ ನೇರ. ತಿರುಚಿದರೆ ಅಂಚು ಎರಡಾಗುತ್ತದೆ. ಹೊಸದಾಗಿ ಶಾಯಿ ಹಾಕಿದ ಪ್ಯಾಡಿನ ಮೊದಲ ಎರಡು ಗುರುತನ್ನು ರದ್ದಿ ಕಾಗದಕ್ಕೆ ಕೊಟ್ಟುಬಿಡಬೇಕು. ಇವೆಲ್ಲ ಮಕ್ಕಳಿಗೂ ಸಲ್ಲುತ್ತವೆ, ಕೈ ನಡುಗುವ ಹಿರಿಯರಿಗಂತೂ ಇನ್ನೂ ಹೆಚ್ಚು. ಬರೆಯಲು ಬೆರಳಿನ ಸೂಕ್ಷ್ಮ ಹಿಡಿತ ಬೇಕು. ಒತ್ತಲು ಅಷ್ಟು ಬೇಡ.

ನಲವತ್ತು ಕಾರ್ಡುಗಳೂ ಹೋದವು. ವಿಳಾಸ ಬರೆದವಳು ನಾನು, ಮೊಹರು ಅವರದು. ಹಬ್ಬದ ವಾರ ಬಂದ ಕರೆಗಳಲ್ಲಿ ಅವರ ಅಕ್ಕನದೂ ಒಂದು. ಎಂಬತ್ತು ದಾಟಿದ ಜೀವ, ಕಣ್ಣು ಮಸುಕು. 'ತಮ್ಮಾ, ಓದೋಕೆ ಆಗಲಿಲ್ಲ ಕಣೋ, ಬೆರಳಲ್ಲಿ ಸವರಿ ನೋಡ್ದೆ. ನೀನು ಒತ್ತಿರೋ ಕಡೆ ಕಾಗದ ತಗ್ಗಾಗಿದೆ' ಎಂದರು. ಇವರು ಫೋನನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದರು.

ಬಲಗೈ ಪೂರ್ತಿ ಮರಳಲಿಲ್ಲವೆಂಬುದನ್ನೂ ಹೇಳಬೇಕು. ಅಚ್ಚಿನಿಂದ ಪಾರ್ಶ್ವವಾಯು ಗುಣವಾಯಿತೆಂದು ಯಾರೂ ತಿಳಿಯಬೇಡಿ. ಔಷಧ, ವ್ಯಾಯಾಮ, ಕಾಲ ಎಲ್ಲವೂ ಅವುಗಳ ಕೆಲಸ ಮಾಡಿದವು. ಆ ಯುಗಾದಿಯ ನಂತರ ಎಸೆದ ಚೆಂಡನ್ನೂ ಅವರು ಮತ್ತೆ ಕೇಳಿ ಪಡೆದರು. ಇಂದು ಲೋಟ ಹಿಡಿಯುತ್ತಾರೆ, ಅಂಗಿಯ ಮೇಲಿನ ಗುಂಡಿಗಳನ್ನು ತಾವೇ ಹಾಕಿಕೊಳ್ಳುತ್ತಾರೆ. ಸಹಿ ಈಗಲೂ ಇಲ್ಲ, ಹೆಬ್ಬೆಟ್ಟೇ. ಆದರೆ ಅದನ್ನು ಒತ್ತಿ ಬಂದ ಮೇಲೆ ಕೈಯನ್ನು ಮಾಮೂಲಿನಂತೆ ತೊಳೆದುಕೊಂಡು ಊಟಕ್ಕೆ ಕೂರುತ್ತಾರೆ. ವರ್ಷಕ್ಕೊಂದು ಹೊಸ ತಾರೀಕಿನ ರಬ್ಬರು ಕೊರೆಯುವುದು ನನ್ನ ಪಾಲಿನ ಕೆಲಸವಾಗಿ ಉಳಿದಿದೆ.

ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಬೆಂಡೆಕಾಯಿಯಿಂದ ತೊಡಗಿಸಿ. ಹಿರಿಯರಿದ್ದರೆ ದಪ್ಪ ಹಿಡಿಯ ಅಚ್ಚೊಂದನ್ನು ಮಾಡಿಕೊಡಿ. ಎ4 ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿ, ಪ್ರತಿ ತುಂಡನ್ನೂ ಮಡಚಿದರೆ ಅಂಗೈಯಗಲದ ಎರಡು ಕಾರ್ಡುಗಳಾಗುತ್ತವೆ. ಇಪ್ಪತ್ತು ಗ್ರಾಮಿನೊಳಗಿದ್ದರೆ ಐದು ರೂಪಾಯಿಯ ಅಂಚೆಚೀಟಿಯಲ್ಲಿ ದೇಶದ ಯಾವ ಮೂಲೆಗೂ ಹೋಗುತ್ತದೆ. ಒಳಗೆ ಉದ್ದುದ್ದ ಬರೆಯಬೇಕಿಲ್ಲ; ನಿಮ್ಮ ಹೆಸರು, ಊರು, ಎರಡು ಸಾಲು ಸಮಾಚಾರ ಸಾಕು. ತಾರೀಕನ್ನು ಮಾತ್ರ ಮರೆಯದೆ ಹಾಕಿ. ನಮ್ಮ ಮನೆಗೆ ಕಳುಹಿಸುವವರಂತೂ ಖಂಡಿತ ಹಾಕಿ, ಇಲ್ಲಿ ಅದನ್ನು ಪರಿಶೀಲಿಸುವವರು ಇದ್ದಾರೆ. ಮತ್ತು ಬಣ್ಣ ಚೆನ್ನಾಗಿ ಒಣಗಿದ ಮೇಲೆಯೇ ಲಕೋಟೆಯೊಳಗೆ ಇಡಿ.